ರಾಂಪತ್ರೆ, ನೇರಳೆ ಬಣ್ಣದ ದ್ರಾವಣ ಮತ್ತು ಶುರುವಾಗದ ನಮ್ಮ ಕ್ಯಾಪ್ಸೂಲ್ ಕಂಪನಿ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ಅಡುಗೆ ಮನೇಲಿ ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ನಾನಂತೂ ಮಾವಳ್ಳಿಯಲ್ಲಿ ನಮ್ಮನೆ ಮಹಡಿ ಮೇಲೆ ಕೂತಿದ್ದೀನಿ. ಮಾವಳ್ಳಿ ಅಂದ್ರೆ ಹೊರಗಿನವರಿಗೆ ಗೊತ್ತಾಗಲ್ಲ, ಮುರ್ಡೇಶ್ವರ ಅಂದ್ರೆ ತಕ್ಷಣ "ಓ ದೊಡ್ಡ ಶಿವನ ಮೂರ್ತಿ" ಅಂತಾರೆ. ಆ ಶಿವ ಕೂತಿರೋದು ನಮ್ಮ ಮಾವಳ್ಳಿಯಲ್ಲೇ. ಮಧ್ಯದಲ್ಲಿ ರೈಲು ಸದ್ದು ಕೇಳಿದ್ರೆ ಅದು ಕೊಂಕಣ ರೈಲ್ವೆ, ಎಡಿಟ್‌ನಲ್ಲಿ ತೆಗೆಯೋಕೆ ನಂಗೆ ಬರಲ್ಲ, ಸಹಿಸ್ಕೊಳ್ಳಿ.

ಇವತ್ತಿನ ವಿಷಯ ಆಂಟಿಆಕ್ಸಿಡೆಂಟ್. ನಿಲ್ಲಿ ನಿಲ್ಲಿ, ಸ್ಕಿಪ್ ಮಾಡಬೇಡಿ. ಇದು ಹೆಲ್ತ್ ಟಿಪ್ಸ್ ಎಪಿಸೋಡ್ ಅಲ್ಲ. ನಾನು ಬಿಕಾಂ ಓದಿದವನು, ಹಗಲು ಅಂಗಡಿಯವರ ಜಿಎಸ್‌ಟಿ ಫೈಲ್ ಮಾಡೋನು. ಕೆಮಿಸ್ಟ್ರಿ ಹತ್ತನೇ ಕ್ಲಾಸಿಗೇ ಬಿಟ್ಟಿದ್ದೆ. ಆದ್ರೆ ಹೋದ ವರ್ಷ ನಾನೂ ನನ್ನ ಒಬ್ಬ ಗೆಳೆಯನೂ ಸೇರಿ ಒಂದು ಗಿಡದ ಮೇಲೆ ದುಡ್ಡು ಹಾಕೋಕೆ ಹೊರಟಿದ್ವಿ. ಆ ದುಡ್ಡು ಯಾಕೆ ಹಾಕಲಿಲ್ಲ ಅನ್ನೋ ಕಥೆ ಇದು.

ಗಿಡದ ಹೆಸರು ರಾಂಪತ್ರೆ. ಗಿಡ ಅಂದೆ, ನಿಜವಾಗಿ ಅದು ದೊಡ್ಡ ಮರ. ಘಟ್ಟದ ನಿತ್ಯಹಸಿರು ಕಾಡಲ್ಲಿ ಸೀದಾ ಮೇಲೆ ಹೋಗೋ ಮರ. ತೊಗಟೆ ಗೀರಿದ್ರೆ ಕೆಂಪು ರಸ ಬರುತ್ತೆ, ಚಿಕ್ಕವನಿದ್ದಾಗ ರಕ್ತ ಅಂತ ಹೆದರಿದ್ದೆ. ವಿಜ್ಞಾನದವರು ಮಿರಿಸ್ಟಿಕಾ ಮಲಬಾರಿಕಾ ಅಂತಾರೆ. ಜಾಯಿಕಾಯಿಯ ಹತ್ತಿರದ ಸಂಬಂಧಿ, ಆದ್ರೆ ಜಾಯಿಕಾಯಿ ಇಂಡೋನೇಷ್ಯಾ ಕಡೆಯಿಂದ ಬಂದಿದ್ದು, ಇದು ಅಪ್ಪಟ ಪಶ್ಚಿಮ ಘಟ್ಟದ್ದು. ಜಗತ್ತಲ್ಲಿ ಬೇರೆಲ್ಲೂ ಕಾಡಲ್ಲಿ ತಾನಾಗಿ ಬೆಳೆಯಲ್ಲ. ಹಣ್ಣು ಒಡೆದ್ರೆ ಒಳಗೆ ಬೀಜ, ಬೀಜದ ಮೇಲೆ ಬೆರಳು ಬೆರಳಾಗಿ ಹಿಡಿದುಕೊಂಡ ಹಾಗೆ ಕೆಂಪು-ಹಳದಿ ಪತ್ರೆ. ಒಣಗಿಸಿದ ಆ ಪತ್ರೆಯೇ ಅಂಗಡಿಯಲ್ಲಿ ಸಿಗೋ ರಾಂಪತ್ರೆ.

ನಮ್ಮ ಅಜ್ಜಿ ಮನೆ ಘಟ್ಟದ ಬುಡದಲ್ಲಿ. ಅಲ್ಲಿ ಮಸಾಲೆ ಡಬ್ಬಿಯಲ್ಲಿ ಇದು ಯಾವಾಗಲೂ ಇರ್ತಿತ್ತು. ಒಂದು ಚೂರು, ಅಷ್ಟೇ. ಹೊಟ್ಟೆ ಕೆಟ್ರೆ ತೇಯ್ದು ನಾಲಿಗೆಗೆ ಹಚ್ಚೋರು. ನಂಗೆ ಆ ಕಹಿ-ಒಗರು ಈಗಲೂ ನೆನಪಿದೆ.

ಈಗ ತಮಾಷೆ ನೋಡಿ. ಇದೇ ರಾಂಪತ್ರೆಗೆ ಪೇಟೆಯಲ್ಲಿ ಇನ್ನೊಂದು ಹೆಸರಿದೆ, ಬಾಂಬೆ ಜಾಪತ್ರೆ. ಅಸಲಿ ಜಾಪತ್ರೆಗೆ ಬೆರಕೆ ಮಾಡೋಕೆ ಬಳಸ್ತಾರೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ, ಜಾಪತ್ರೆಯ ಮಾನದಂಡದಲ್ಲಿ ಮಿರಿಸ್ಟಿಕಾ ಮಲಬಾರಿಕಾ ಇರಬಾರದು ಅಂತ ಹೆಸರು ಹೇಳಿ ಬರೆದಿದೆ. ಅಂದ್ರೆ ಕಾನೂನಿನ ಒಂದು ಪುಟದಲ್ಲಿ ನಮ್ಮ ಅಜ್ಜಿಯ ಮದ್ದು ಕಲಬೆರಕೆ ಮಾಲು. ಇದನ್ನ ಓದಿದಾಗ ಸ್ವಲ್ಪ ಬೇಜಾರಾಯ್ತು ಅಂತ ಒಪ್ಕೊಳ್ತೀನಿ.

ಕಾನೂನು ಹೀಗಂದ್ರೆ ಲ್ಯಾಬ್ ಬೇರೇನೇ ಹೇಳುತ್ತೆ. 1977ರಲ್ಲೇ ಇದರ ಹಣ್ಣಿನ ಸಿಪ್ಪೆಯಿಂದ ನಾಲ್ಕು ಹೊಸ ವಸ್ತುಗಳನ್ನ ಬೇರ್ಪಡಿಸಿ, ಮಲಬಾರಿಕೋನ್ ಎ, ಬಿ, ಸಿ, ಡಿ ಅಂತ ಹೆಸರಿಟ್ಟಿದ್ರು. ಆಮೇಲೆ ಸುಮಾರು ವರ್ಷ ಅಂಥಾ ಸದ್ದಿರಲಿಲ್ಲ. 2005ರಲ್ಲಿ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದವರು, ಹೌದು, ಅಣುಶಕ್ತಿಯವರೇ, ರಾಂಪತ್ರೆಯ ಆಂಟಿಆಕ್ಸಿಡೆಂಟ್ ಶಕ್ತಿ ಅಳೆದು ಪೇಪರ್ ಬರೆದ್ರು. ನಾಲ್ಕರಲ್ಲಿ ಮಲಬಾರಿಕೋನ್ ಸಿ ಎಲ್ಲಕ್ಕಿಂತ ಜೋರು ಅಂತ ಬಂತು. ಅಣು ಕೇಂದ್ರದವರಿಗೆ ಮಸಾಲೆ ಯಾಕೆ ಅಂತ ನಂಗೂ ಅನಿಸ್ತು. ವಿಕಿರಣ ಬಿದ್ದಾಗ ಜೀವಕೋಶದಲ್ಲಿ ಹುಟ್ಟೋದೇ ಫ್ರೀ ರಾಡಿಕಲ್. ಅದನ್ನ ತಡೆಯೋ ವಸ್ತು ಯಾವುದು ಅಂತ ಹುಡುಕೋದು ಅವರ ಕೆಲಸದ ಭಾಗವೇ.

ಈ ಪೇಪರನ್ನ ನನ್ನ ಗೆಳೆಯ ನಂಗೆ ಕಳಿಸಿದ್ದು ಒಂದು ರಾತ್ರಿ ಹನ್ನೊಂದು ಗಂಟೆಗೆ. ಅವನು ಬೆಂಗಳೂರಲ್ಲಿ ಮಾರ್ಕೆಟಿಂಗ್ ಮಾಡ್ತಾನೆ. ಕೆಳಗೆ ಒಂದೇ ಲೈನು: "ಮಾರಾಯ, ನಮ್ಮೂರ ಕಾಡಲ್ಲಿ ಚಿನ್ನ ಇದೆ." ಐಡಿಯಾ ಸರಳ. ರಾಂಪತ್ರೆ ಪುಡಿ, ಕ್ಯಾಪ್ಸೂಲ್, ಚಂದದ ಬಾಟಲಿ, ಮೇಲೆ ಘಟ್ಟದ ಚಿತ್ರ. ಅವನದ್ದು ಬ್ರಾಂಡಿಂಗ್, ನಂದು ಲೆಕ್ಕ ಮತ್ತು ಈ ಪಾಡ್‌ಕಾಸ್ಟಲ್ಲಿ ಪ್ರಚಾರ. ಅದೂ ಹೇಳಿಬಿಡ್ತೀನಿ, ನಿಮ್ಮ ಕಿವಿಗೆ ಮಾರೋ ಪ್ಲಾನ್ ನಂದೂ ಇತ್ತು.

ಮೊದಲ ಕೆಲಸ ಅಂತ ಸ್ಯಾಂಪಲ್ ಒಂದು ಲ್ಯಾಬಿಗೆ ಕಳಿಸಿದ್ವಿ. ವಾರದೊಳಗೆ ಒಂದು ಪುಟದ ರಿಪೋರ್ಟ್ ಬಂತು. ಅದರಲ್ಲಿ ಒಂದು ಶೇಕಡಾ. ದೊಡ್ಡ ಸಂಖ್ಯೆ. ಗೆಳೆಯ ಅದಕ್ಕೆ ಕೆಂಪು ವೃತ್ತ ಹಾಕಿ ಸ್ಟೇಟಸ್ ಇಟ್ಟ. ಆ ಸಂಖ್ಯೆ ಎಷ್ಟು ಅಂತ ನಾನು ಹೇಳಲ್ಲ. ಯಾಕೆ ಹೇಳಲ್ಲ ಅನ್ನೋದೇ ಈ ಎಪಿಸೋಡ್.

ನಂಗೆ ಏನೂ ಅರ್ಥ ಆಗಲಿಲ್ಲ. ಬ್ಯಾಲೆನ್ಸ್ ಶೀಟ್ ಓದೋನಿಗೆ ಒಂದು ಅಭ್ಯಾಸ ಇರುತ್ತೆ, ಶೇಕಡಾ ಕಂಡ ಕೂಡಲೇ "ಯಾವುದರ ಶೇಕಡಾ?" ಅಂತ ಕೇಳೋದು. ಲಾಭ ಶೇಕಡಾ 90 ಅಂದ್ರೆ ಹತ್ತು ರೂಪಾಯಿ ಮೇಲೋ, ಹತ್ತು ಲಕ್ಷದ ಮೇಲೋ? ಅದೇ ಪ್ರಶ್ನೆ ಹಿಡ್ಕೊಂಡು ಓದೋಕೆ ಶುರು ಮಾಡ್ದೆ. ಪರಿಚಯದ ಒಬ್ಬರು ಕೆಮಿಸ್ಟ್ರಿ ಲೆಕ್ಚರರ್ ಇದ್ದಾರೆ, ಅವರ ಕಾಲೇಜು ಲ್ಯಾಬಲ್ಲಿ ಒಂದು ಮಧ್ಯಾಹ್ನ ಕೂತು ನೋಡಿದೆ. ಅಲ್ಲಿ ಕಂಡಿದ್ದನ್ನ ಹೇಳ್ತೀನಿ.

ಮೊದಲು ಫ್ರೀ ರಾಡಿಕಲ್ ಅಂದ್ರೇನು. ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿ ಇರ್ತವೆ. ಒಂದು ಅಣುವಿನಲ್ಲಿ ಒಂದು ಎಲೆಕ್ಟ್ರಾನ್ ಒಂಟಿಯಾದ್ರೆ ಅದು ಸುಮ್ಮನಿರಲ್ಲ, ಪಕ್ಕದ ಅಣುವಿಂದ ಕಸಿಯುತ್ತೆ. ಈಗ ಆ ಪಕ್ಕದ್ದು ಒಂಟಿ, ಅದು ಅದರ ಪಕ್ಕದ್ದರಿಂದ ಕಸಿಯುತ್ತೆ. ಸಾಲ ತೀರಿಸೋಕೆ ಸಾಲ, ಆ ಸಾಲ ತೀರಿಸೋಕೆ ಇನ್ನೊಬ್ಬನ ಜೇಬಿಗೆ ಕೈ. ಆನ್‌ಲೈನ್ ಲೋನ್ ಆಪ್ ಹಾಕ್ಕೊಂಡವರಿಗೆ ಈ ಸರಪಳಿ ಚೆನ್ನಾಗಿ ಗೊತ್ತು. ಆಂಟಿಆಕ್ಸಿಡೆಂಟ್ ಅಂದ್ರೆ ಒಂದು ಎಲೆಕ್ಟ್ರಾನ್ ಕೊಟ್ಟೂ ತಾನು ದಿವಾಳಿಯಾಗದೆ ತಣ್ಣಗೆ ಕೂರೋ ಮನುಷ್ಯ. ಸರಪಳಿ ಅವನ ಹತ್ತಿರ ಬಂದು ನಿಲ್ಲುತ್ತೆ. ಅಷ್ಟೇ ವಿಷಯ.

ಇದನ್ನ ಅಳೆಯೋದು ಹೇಗೆ? ದೇಹದಲ್ಲಿ ಹುಟ್ಟೋ ರಾಡಿಕಲ್‌ಗಳು ಕಣ್ಣು ಮಿಟುಕಿಸೋದ್ರೊಳಗೆ ಮಾಯ. ಅದಕ್ಕೇ ಲ್ಯಾಬಲ್ಲಿ ಒಂದು ಸಾಧು ಪ್ರಾಣಿಯನ್ನ ಬಳಸ್ತಾರೆ. ಅದರ ಹೆಸರು ಡಿಪಿಪಿಎಚ್. ಇದು ಬಾಟಲಿಯಲ್ಲಿ ಇಟ್ಟುಕೊಳ್ಳಬಹುದಾದ ರಾಡಿಕಲ್. ಮೆಥನಾಲ್‌ನಲ್ಲಿ ಕರಗಿಸಿದ್ರೆ ಗಾಢ ನೇರಳೆ ಬಣ್ಣ, ಹಣ್ಣಾದ ನೇರಳೆ ತಿಂದ ನಾಲಿಗೆ ಥರ. ಇದಕ್ಕೆ ಎಲೆಕ್ಟ್ರಾನ್ ಕೊಡೋ ವಸ್ತು ಸಿಕ್ಕಿದ್ರೆ ನೇರಳೆ ಹೋಗಿ ಹಳದಿ ಆಗುತ್ತೆ. 1958ರಲ್ಲಿ ಬ್ಲಾಯ್ಸ್ ಅನ್ನೋ ವಿಜ್ಞಾನಿ ಇದನ್ನ ಅಳತೆಗೆ ಬಳಸಬಹುದು ಅಂತ ನೇಚರ್ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದ್ರು. ಇವತ್ತಿಗೂ ಎಂಎಸ್ಸಿ ಪ್ರಾಜೆಕ್ಟ್ ಅಂದ್ರೆ ಅರ್ಧ ಭಾರತ ಇದನ್ನೇ ಮಾಡೋದು. ಅಗ್ಗ, ಸುಲಭ, ಅರ್ಧ ಗಂಟೆಯಲ್ಲಿ ಮುಗಿಯುತ್ತೆ.

ನಾನು ನೋಡಿದ್ದು ಹೀಗೆ. ರಾಂಪತ್ರೆ ಪುಡಿ ಮಾಡಿ ಮೆಥನಾಲ್‌ನಲ್ಲಿ ನೆನೆಸಿ, ಸೋಸಿ, ದ್ರಾವಕ ಆವಿ ಮಾಡಿದ್ರು. ಉಳಿದ ಜಿಗುಟು ಸಾರವನ್ನ ತೂಕ ಮಾಡಿ ಬೇರೆ ಬೇರೆ ಪ್ರಮಾಣದಲ್ಲಿ ಮತ್ತೆ ಕರಗಿಸಿದ್ರು. ಪ್ರತಿಯೊಂದಕ್ಕೂ ಅದೇ ಅಳತೆಯ ನೇರಳೆ ದ್ರಾವಣ. ಅರ್ಧ ಗಂಟೆ ಕತ್ತಲಲ್ಲಿ ಇಟ್ರು. ಆಮೇಲೆ ಒಂದು ಯಂತ್ರ, 517 ನ್ಯಾನೋಮೀಟರ್ ಅಲೆಯ ಬೆಳಕು ಬಿಟ್ಟು ದ್ರಾವಣ ಎಷ್ಟು ಬೆಳಕು ಹೀರಿತು ಅಂತ ಹೇಳುತ್ತೆ. ಸಾರ ಹಾಕದೆ ಇದ್ದಾಗ ಓದು 1 ಅಂದ್ಕೊಳ್ಳಿ. ಸಾರ ಹಾಕಿದ ಮೇಲೆ 0.4 ಆಯ್ತು ಅಂದ್ಕೊಳ್ಳಿ. ಶೇಕಡಾ 60 ತಗ್ಗಿತು. ಇದೇ "ಶೇಕಡಾ ಇನ್ಹಿಬಿಷನ್". ನಮ್ಮ ರಿಪೋರ್ಟಲ್ಲಿ ಕೆಂಪು ವೃತ್ತ ಬಿದ್ದಿದ್ದು ಇದಕ್ಕೇ.

ಈಗ ಬಿಕಾಂ ಪ್ರಶ್ನೆ. ಎಷ್ಟು ಸಾರ ಹಾಕಿದಾಗ? ಹೆಚ್ಚು ಸುರಿದ್ರೆ ಚಹಾ ಪುಡಿನೂ ದೊಡ್ಡ ಸಂಖ್ಯೆ ಕೊಡುತ್ತೆ. ನಿಜಕ್ಕೂ ಚಹಾ ಚೆನ್ನಾಗೇ ಕೊಡುತ್ತೆ, ಬಿಡಿ. ಅದಕ್ಕೆ ಸರಿಯಾಗಿ ಕೆಲಸ ಮಾಡೋರು ಐಸಿ50 ಅಂತ ಕೊಡ್ತಾರೆ, ಅಂದ್ರೆ ನೇರಳೆಯನ್ನ ಅರ್ಧಕ್ಕೆ ಇಳಿಸೋಕೆ ಎಷ್ಟು ಸಾರ ಬೇಕಾಯ್ತು. ಇದು ಕಡಿಮೆ ಇದ್ದಷ್ಟೂ ವಸ್ತು ಜೋರು. ಇಲ್ಲೇ ಎಷ್ಟೋ ಜಾಹೀರಾತು ಬರೆಯೋರು ಎಡವೋದು, ದೊಡ್ಡ ಸಂಖ್ಯೆ ಒಳ್ಳೇದು ಅಂದ್ಕೊಂಡು ಐಸಿ50 ದೊಡ್ಡದಿರೋದನ್ನೇ ಹೈಲೈಟ್ ಮಾಡಿರ್ತಾರೆ. ಜೊತೆಗೆ ಅದೇ ದಿನ, ಅದೇ ಯಂತ್ರದಲ್ಲಿ ವಿಟಮಿನ್ ಸಿ ಥರದ ಗೊತ್ತಿರೋ ವಸ್ತುವನ್ನ ಇಟ್ಟು ಹೋಲಿಸಬೇಕು. ನಮ್ಮ ಒಂದು ಪುಟದ ರಿಪೋರ್ಟಲ್ಲಿ ಪ್ರಮಾಣನೂ ಇರಲಿಲ್ಲ, ಹೋಲಿಕೆನೂ ಇರಲಿಲ್ಲ. ಖರ್ಚು ಬರೆಯದೆ ವಹಿವಾಟು ಮಾತ್ರ ಬರೆದ ಹಾಗೆ. ಅಂಥ ಲೆಡ್ಜರ್ ಹಿಡ್ಕೊಂಡು ನಾನು ಯಾರ ರಿಟರ್ನೂ ಫೈಲ್ ಮಾಡಲ್ಲ.

ಇನ್ನೂ ಸಣ್ಣ ಸಣ್ಣ ವಿಷಯಗಳಿವೆ. ರಾಂಪತ್ರೆ ಸಾರಕ್ಕೆ ತನ್ನದೇ ಕೆಂಪು-ಕಂದು ಬಣ್ಣ ಇದೆ. ಯಂತ್ರ ನೋಡೋದು ಬಣ್ಣ ತಾನೇ. ಸಾರದ ಬಣ್ಣವನ್ನ ಬೇರೆ ಅಳೆದು ಕಳೀದಿದ್ರೆ ಲೆಕ್ಕ ತಪ್ಪುತ್ತೆ. ಒಟ್ಟು ಫೀನಾಲ್ ಎಷ್ಟಿದೆ ಅಂತ ನೋಡೋಕೆ ಫೋಲಿನ್-ಸಿಯೋಕಾಲ್ಟು ಅನ್ನೋ ಇನ್ನೊಂದು ಪರೀಕ್ಷೆ, ಅದು ನೀಲಿ ಬರುತ್ತೆ. ಆದ್ರೆ ಅದು ಫೀನಾಲ್‌ಗೆ ಮಾತ್ರ ಅಲ್ಲ, ವಿಟಮಿನ್ ಸಿಗೂ ಕೆಲವು ಸಕ್ಕರೆಗೂ ನೀಲಿ ಆಗುತ್ತೆ. ಅದಕ್ಕೇ ಒಂದೇ ಪರೀಕ್ಷೆ ನಂಬಬಾರದು, ಎರಡು ಮೂರು ಬೇರೆ ಬೇರೆ ಥರದ್ದು ಮಾಡಬೇಕು. ಕಾಯಿ ಎಳೇದೋ ಬಲಿತದ್ದೋ, ಬಿಸಿಲಲ್ಲಿ ಒಣಗಿಸಿದ್ದೋ ಒಲೆ ಹೊಗೆಯಲ್ಲೋ, ಯಾವ ಕಾಡಿನದ್ದು, ಎಲ್ಲಾ ಬರೆದಿಡಬೇಕು. ನಾವು ಲ್ಯಾಬಿಗೆ ಕಳಿಸಿದ್ದು ಪೇಟೆ ಅಂಗಡಿಯ ಪೊಟ್ಟಣ. ಅದರಲ್ಲಿದ್ದಿದ್ದು ಪೂರ್ತಿ ರಾಂಪತ್ರೆನೇನಾ ಅಂತ ಆ ಲೆಕ್ಚರರ್ ಕೇಳಿದಾಗ ನಾನು ಕಾಫಿ ಕುಡಿಯೋ ಥರ ಮಾಡ್ದೆ. ಬೆರಕೆಗೆ ಹೆಸರಾದ ಮಾಲಿನಲ್ಲೇ ಬೆರಕೆ ಇರಬಹುದು!

ಇನ್ನೊಂದು, ಮೆಥನಾಲ್. ಅದು ವಿಷ, ಕಳ್ಳಭಟ್ಟಿಯಲ್ಲಿ ಜನ ಕಣ್ಣು ಕಳ್ಕೊಳ್ಳೋದು ಅದರಿಂದಲೇ. ಲ್ಯಾಬಲ್ಲಿ ಅದನ್ನ ಬಳಸೋದು ಅದು ಚೆನ್ನಾಗಿ ಕರಗಿಸುತ್ತೆ ಅಂತ. ಭಾಭಾ ಕೇಂದ್ರದವರಿಗೂ ಒಳ್ಳೆ ಫಲಿತಾಂಶ ಕೊಟ್ಟಿದ್ದು ಮೆಥನಾಲ್ ಸಾರವೇ. ಆದ್ರೆ ಅಜ್ಜಿ ತೇಯ್ತಿದ್ದಿದ್ದು ನೀರಲ್ಲಿ. ಅಮ್ಮ ಹುರಿಯೋದು ಎಣ್ಣೆಯಲ್ಲಿ. ನಾವು ತುಂಬಬೇಕು ಅಂದ್ಕೊಂಡಿದ್ದು ಒಣ ಪುಡಿ. ಮೂರೂ ಬೇರೆ, ಲ್ಯಾಬಿನದ್ದು ನಾಲ್ಕನೇದು. ನಾಲ್ಕನೇದರ ಮಾರ್ಕ್ಸ್‌ಕಾರ್ಡನ್ನ ಮೂರನೇದರ ಮೇಲೆ ಅಂಟಿಸೋಕೆ ನಾವು ಹೊರಟಿದ್ದು.

ಸರಿ, ಅಳತೆ ಸರಿಯಾಗೇ ಮಾಡಿದ್ರು ಅಂದ್ಕೊಳ್ಳೋಣ. ದೇಹದೊಳಗೆ ಏನಾಗುತ್ತೆ? ಭಾಭಾ ಕೇಂದ್ರದವರು ಗಾಜಿನ ನಳಿಕೆಗೆ ನಿಲ್ಲಲಿಲ್ಲ. ಇಲಿಯ ಯಕೃತ್ತಿನ ಮೈಟೋಕಾಂಡ್ರಿಯಾ ಮೇಲೆ ನೋಡಿದ್ರು. ಆಮೇಲೆ ನೋವಿನ ಮಾತ್ರೆ ಇಂಡೊಮೆಥಾಸಿನ್‌ನಿಂದ ಇಲಿ ಹೊಟ್ಟೆಯಲ್ಲಿ ಆಗೋ ಹುಣ್ಣು ವಾಸಿಯಾಗುತ್ತಾ ಅಂತ ಮಲಬಾರಿಕೋನ್ ಬಿ, ಸಿ ಕೊಟ್ಟು ನೋಡಿದ್ರು, ಒಳ್ಳೆ ಫಲಿತಾಂಶ ಬಂತು. ಅಜ್ಜಿಯ ಹೊಟ್ಟೆನೋವಿನ ಮದ್ದು ನೆನಪಾಗಿ ನಂಗೆ ಖುಷಿಯಾಯ್ತು. ಆದ್ರೆ 2010ರ ಇನ್ನೊಂದು ಕೆಲಸದಲ್ಲಿ ಅದೇ ತಂಡದವರಿಗೆ ಬೇರೇನೋ ಕಂಡಿತು. ತಾಮ್ರದ ಜೊತೆ ಸೇರಿದಾಗ ಇದೇ ಮಲಬಾರಿಕೋನ್‌ಗಳು ಡಿಎನ್‌ಎಯನ್ನ ಕತ್ತರಿಸ್ತವೆ. ಒಂದು ಕಡೆ ಕಾಯೋನು, ಇನ್ನೊಂದು ಕಡೆ ಕತ್ತರಿಸೋನು. ವಿಜ್ಞಾನಿಗಳಿಗೆ ಇದು ಕ್ಯಾನ್ಸರ್ ಕೋಶದ ಮೇಲೆ ಬಳಸಬಹುದಾ ಅನ್ನೋ ಕುತೂಹಲ. ಬಾಟಲಿ ಮಾರೋಕೆ ಹೊರಟ ನಂಗೆ ಬೆವರು.

ಆಂಟಿಆಕ್ಸಿಡೆಂಟ್ ಅಂದ ಮಾತ್ರಕ್ಕೆ ಒಳ್ಳೇದು ಅಂತ ಇಲ್ಲ ಅನ್ನೋಕೆ ದೊಡ್ಡ ಸಾಕ್ಷಿ ಫಿನ್ಲೆಂಡಲ್ಲಿದೆ. ಅಲ್ಲಿ ಸಿಗರೇಟು ಸೇದೋ 29,133 ಗಂಡಸರ ಮೇಲೆ ವರ್ಷಗಟ್ಟಲೆ ಪರೀಕ್ಷೆ ನಡೀತು. ಕ್ಯಾರೆಟ್ಟಲ್ಲಿರೋ ಬೀಟಾ ಕ್ಯಾರೋಟಿನ್ ಕೊಟ್ರೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುತ್ತೆ ಅನ್ನೋ ನಿರೀಕ್ಷೆ. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೋಟಿನ್ ತಗೊಂಡವರಲ್ಲಿ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಕಡಿಮೆ ಅಲ್ಲ, ಹೆಚ್ಚು. ಅಮೆರಿಕದ ಕೃಷಿ ಇಲಾಖೆ ಯಾವ ಆಹಾರದಲ್ಲಿ ಎಷ್ಟು ಆಂಟಿಆಕ್ಸಿಡೆಂಟ್ ಶಕ್ತಿ ಅಂತ ಓಆರ್‌ಎಸಿ ಪಟ್ಟಿಯೊಂದನ್ನ ವೆಬ್‌ಸೈಟಲ್ಲಿ ಇಟ್ಟಿತ್ತು. ಕಂಪನಿಗಳು ಅದನ್ನ ಮನಬಂದಂತೆ ಬಳಸ್ತಿವೆ, ಆ ಸಂಖ್ಯೆಗೂ ಮನುಷ್ಯನ ಆರೋಗ್ಯಕ್ಕೂ ನೇರ ಸಂಬಂಧ ಸಾಬೀತಾಗಿಲ್ಲ ಅಂತ ಹೇಳಿ 2012ರಲ್ಲಿ ಪಟ್ಟಿಯನ್ನೇ ತೆಗೆದುಹಾಕಿತು. ನಮ್ಮಲ್ಲಿ ಇವತ್ತಿಗೂ ಆ ಪಟ್ಟಿಯ ಸಂಖ್ಯೆಗಳು ವಾಟ್ಸಾಪಲ್ಲಿ ಓಡಾಡ್ತಿವೆ.

ಇಷ್ಟೆಲ್ಲಾ ಓದ್ತಿರೋವಾಗ ಮನೆಯಲ್ಲಿ ಒಂದು ಘಟನೆ. ಅಪ್ಪನಿಗೆ ಬಿಪಿ ಇದೆ, ದಿನಾ ಮಾತ್ರೆ. ನಾನು ಗೆಳೆಯನ ಜೊತೆ ಫೋನಲ್ಲಿ "ಹೃದಯಕ್ಕೆ ಒಳ್ಳೇದು ಅಂತ ಹಾಕೋಣ, ಜನ ತಗೋತಾರೆ" ಅಂತೆಲ್ಲಾ ಮಾತಾಡಿದ್ದನ್ನ ಅವರು ಕೇಳಿಸ್ಕೊಂಡಿದ್ರು. ಸ್ಯಾಂಪಲ್ ಪುಡಿ ಉಳಿದಿತ್ತಲ್ಲ, ಅದನ್ನ ದಿನಾ ಬೆಳಿಗ್ಗೆ ಅರ್ಧ ಚಮಚ ಬಿಸಿನೀರಿಗೆ ಹಾಕಿ ಕುಡೀತಾ ಮಾತ್ರೆ ಬಿಟ್ಟಿದ್ರು. ನಾಲ್ಕು ದಿನ. ಅಮ್ಮನಿಗೆ ಗೊತ್ತಾಗಿದ್ದು ಮಾತ್ರೆಯ ಹಾಳೆ ಖಾಲಿಯಾಗ್ತಿಲ್ಲ ಅಂತ. ಕೇಳಿದ್ರೆ, "ಮಗ ಅಷ್ಟು ಓದಿ ಹೇಳ್ತಾನಲ್ಲ." ಆಸ್ಪತ್ರೆಗೆ ಹೋಗೋ ಹಾಗೇನೂ ಆಗಲಿಲ್ಲ, ಬಿಪಿ ಮೇಲೆ ಹೋಗಿತ್ತು, ಮಾತ್ರೆ ಶುರು ಮಾಡಿದ ಮೇಲೆ ಇಳೀತು. ಆದ್ರೆ ಅವತ್ತು ರಾತ್ರಿ ನಂಗೆ ನಿದ್ದೆ ಬರಲಿಲ್ಲ. ನಮ್ಮ ಮೊದಲ ಗಿರಾಕಿ ನಮ್ಮಪ್ಪ, ಅವರಿಗೆ ಮಾರಿದ್ದು ನಾನು, ಬಾಟಲಿ ಕೂಡ ರೆಡಿಯಾಗಿರಲಿಲ್ಲ.

ಒಂದು ಚೂರು ಬೇರೆ, ದಿನಾ ಅರ್ಧ ಚಮಚ ಬೇರೆ. ಇದರ ಸಂಬಂಧಿ ಜಾಯಿಕಾಯಿಯನ್ನೇ ನೋಡಿ. ಪಾಯಸಕ್ಕೆ ಚಿಟಿಕೆ ಹಾಕಿದ್ರೆ ಪರಿಮಳ, ಚಮಚಗಟ್ಟಲೆ ತಿಂದ್ರೆ ವಾಂತಿ, ಎದೆಬಡಿತ, ಭ್ರಮೆ, ಆಸ್ಪತ್ರೆ.

ಕಾನೂನೂ ನೋಡಿದೆ, ಅದು ನನ್ನ ಏರಿಯಾ. 2006ರ ಆಹಾರ ಸುರಕ್ಷತಾ ಕಾಯ್ದೆಯ ಸೆಕ್ಷನ್ 53, ದಾರಿ ತಪ್ಪಿಸೋ ಜಾಹೀರಾತಿಗೆ ಹತ್ತು ಲಕ್ಷದವರೆಗೆ ದಂಡ. ಆಹಾರದ ಮೇಲೆ ರೋಗ ವಾಸಿಮಾಡುತ್ತೆ ಅಂತ ಬರೆಯೋ ಹಾಗೇ ಇಲ್ಲ. ಜೊತೆಗೆ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಇಂಥಾ ಕಾಡಿನ ವಸ್ತು ಇಟ್ಕೊಂಡು ವ್ಯಾಪಾರ ಮಾಡೋ ಕಂಪನಿ ರಾಜ್ಯ ಜೀವವೈವಿಧ್ಯ ಮಂಡಳಿಗೆ ಮೊದಲೇ ತಿಳಿಸಬೇಕು. ಪಂಚಾಯ್ತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಇರಬೇಕು, ಊರಿನ ಗಿಡಮರ, ಅದರ ಬಳಕೆ ದಾಖಲಿಸಬೇಕು. ಗೆಳೆಯನಿಗೆ ಹೇಳಿದೆ, "ಅದೆಲ್ಲಾ ಆಮೇಲೆ ನೋಡೋಣ" ಅಂದ. ನಂಗೆ ಅವನ ಮೇಲೆ ಸಿಟ್ಟಿಲ್ಲ. ಮಾರ್ಕೆಟಿಂಗಿನವರಿಗೆ ಆಮೇಲೆ ಅನ್ನೋದೊಂದು ವಿಭಾಗ ಇರುತ್ತೆ. (ನಗು)

ಆದ್ರೆ ನಂಗೆ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಕಾಡಿನ ಲೆಕ್ಕ. ಒಂದು ಕ್ಯಾಪ್ಸೂಲಿಗೆ ಅರ್ಧ ಗ್ರಾಂ, ಬಾಟಲಿಗೆ 60, ಅಂದ್ರೆ 30 ಗ್ರಾಂ. ತಿಂಗಳಿಗೆ ಸಾವಿರ ಬಾಟಲಿ ಅಂತ ಗೆಳೆಯನ ಟಾರ್ಗೆಟ್. ತಿಂಗಳಿಗೆ 30 ಕೆಜಿ, ವರ್ಷಕ್ಕೆ 360 ಕೆಜಿ ಒಣ ಪತ್ರೆ. ಎಕ್ಸೆಲ್ ಶೀಟಲ್ಲಿ 360 ಚಿಕ್ಕ ಸಂಖ್ಯೆ. ಅಜ್ಜಿ ಮನೆ ಕಡೆ ಹೋಗಿ ಕಾಯಿ ಕೊಯ್ಯೋ ಒಬ್ಬರನ್ನ ಕೇಳಿದೆ. ಅವರು ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು. ಒಣಗಿದ ಮೇಲೆ ಪತ್ರೆ ಎಷ್ಟು ಹಗುರ ಅಂತ ಅಂಗೈಯಲ್ಲಿ ಇಟ್ಟು ತೋರಿಸಿದ್ರು, ಊದಿದ್ರೆ ಹಾರಿ ಹೋಗೋ ಹಾಗೆ. "ಮರ ಹತ್ತೂಕೆ ಜನ ಎಲ್ಲಿದ್ರು? ಅಷ್ಟು ಬೇಕಂದ್ರೆ ಕೊಂಬೆನೇ ಕಡಿತ್ರು ಜನ" ಅಂದ್ರು.

ಅವರು ಹೇಳಿದ್ದು ಹೊಸ ಮಾತಲ್ಲ. ನಮ್ಮ ಜಿಲ್ಲೆ ಈ ಸಿನಿಮಾ ಒಂದ್ಸಲ ನೋಡಿದೆ. ಉಪ್ಪಾಗೆ ಗೊತ್ತಲ್ಲ, ಮೀನು ಸಾರಿಗೆ ಹುಳಿ, ಬೀಜದಿಂದ ತುಪ್ಪನೂ ತೆಗೀತಾರೆ. ತೊಂಬತ್ತರ ದಶಕದಲ್ಲಿ ಅದರಲ್ಲಿರೋ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಕೊಬ್ಬು ಕರಗಿಸುತ್ತೆ ಅಂತ ಅಮೆರಿಕದಲ್ಲಿ ಹುಚ್ಚು ಹಿಡೀತು. ಇಲ್ಲಿ ಉಪ್ಪಾಗೆ ಸಿಪ್ಪೆಗೆ ರೇಟು ಏರಿತು. ಶಿರಸಿ, ಸಿದ್ದಾಪುರ ಕಾಡಲ್ಲಿ ಕಾಯಿ ಬಲಿಯೋ ಮೊದಲೇ ಕೊಯ್ದ್ರು, ನಾ ಮುಂದು ತಾ ಮುಂದು ಅಂತ ಕೊಂಬೆ ಕಡಿದ್ರು. ಮಳೆಗಾಲದಲ್ಲಿ ಆ ಸಿಪ್ಪೆ ಒಣಗಿಸೋಕೆ ರಾಶಿ ರಾಶಿ ಕಟ್ಟಿಗೆ ಉರಿಸಿದ್ರು. ಕೊನೆಗೆ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 135 ಜನ, 12 ವಾರ, ಅರ್ಧ ಜನಕ್ಕೆ ಉಪ್ಪಾಗೆ ಆಸಿಡ್, ಇನ್ನರ್ಧಕ್ಕೆ ಸುಳ್ಳು ಮಾತ್ರೆ. ತೂಕ ಇಳಿದಿದ್ದರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳೋ ವ್ಯತ್ಯಾಸವೇ ಇರಲಿಲ್ಲ. ಅಲ್ಲಿ ಯಾರೂ ಸಣ್ಣಗಾಗಲಿಲ್ಲ, ಇಲ್ಲಿ ಮರ ಸಣ್ಣಗಾಯ್ತು.

ಉಪ್ಪಾಗೆ ಮರವಾದ್ರೂ ಗಟ್ಟಿ, ಬೇಕಾದಷ್ಟು ಇದೆ. ರಾಂಪತ್ರೆಯದ್ದು ನಾಜೂಕು ಸಂಸಾರ. ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೆ ಸಿಗಬಹುದಾದ ಜಾತಿ ಅಂತ ಗುರುತಾಗಿದೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ, ಕಾಯಿ ಬಿಡೋದು ಹೆಣ್ಣು ಮಾತ್ರ. ಬೀಜ ಅಕ್ಕಿ-ಬೇಳೆ ಥರ ಡಬ್ಬಿಯಲ್ಲಿ ಇಡೋಕಾಗಲ್ಲ, ಒಣಗಿದ್ರೆ ಸತ್ತುಹೋಗುತ್ತೆ. ಮಂಗಟ್ಟೆ ಹಕ್ಕಿಗಳು ಪತ್ರೆ ಆಸೆಗೆ ಹಣ್ಣು ನುಂಗಿ ಬೀಜವನ್ನ ದೂರ ಉಗೀತವೆ, ಹೊಸ ಮರ ಹುಟ್ಟೋದೇ ಹಾಗೆ. ನಾವು ಪೂರ್ತಿ ಕಾಯಿ ಕೊಯ್ದುಬಿಟ್ರೆ ಮಂಗಟ್ಟೆಗೂ ಇಲ್ಲ, ಮಣ್ಣಿಗೂ ಇಲ್ಲ.

ನೀವು ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಜೋಗಕ್ಕೆ ಹೋಗಿದ್ರೆ ದಾರಿಯಲ್ಲಿ ಕತ್ತಲೆಕಾನು ಸಿಕ್ಕಿರುತ್ತೆ. ಹೆಸರೇ ಹೇಳುತ್ತೆ, ಹಗಲಲ್ಲೂ ಕತ್ತಲೆ. ಜಲಪಾತದ ಸೆಲ್ಫಿ ಆತುರದಲ್ಲಿ ಯಾರೂ ಅಲ್ಲಿ ನಿಲ್ಲಿಸಲ್ಲ, ನಾನೂ ಹತ್ತು ಸಲ ಹಾಗೇ ಹೋಗಿದ್ದೆ. ಅಲ್ಲಿ ರಾಂಪತ್ರೆ ಜಡ್ಡಿ ಅಂತ ಇದೆ. ವರ್ಷವಿಡೀ ನೀರು ನಿಲ್ಲೋ ಜೌಗು, ಅದರಲ್ಲಿ ರಾಂಪತ್ರೆ ಕುಟುಂಬದ ಮರಗಳು. ಕೆಲವು ಬೇರನ್ನ ಮಂಡಿ ಥರ ಮಡಚಿ ಕೆಸರಿಂದ ಮೇಲೆ ಎತ್ತಿ ಉಸಿರಾಡ್ತವೆ, ಕೆಲವು ಊರುಗೋಲು ಹಾಕ್ಕೊಂಡು ನಿಂತ ಹಾಗೆ ಕಾಣ್ತವೆ. 2000ದಲ್ಲಿ ಅಲ್ಲಿಂದಲೇ ಗೇರಿನ ಕುಟುಂಬದ ಒಂದು ಹೊಸ ಮರವನ್ನ ವಿಜ್ಞಾನಕ್ಕೆ ಪರಿಚಯಿಸಿದ್ರು, ಹೆಸರಲ್ಲೇ ಕತ್ತಲೆಕಾನು ಇದೆ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಆ ಸೀಮೆಯ ಕಾಡನ್ನ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ರು. ಈ ಸಲ ನಾನು ಬೈಕ್ ನಿಲ್ಲಿಸಿ ರಸ್ತೆ ಬದಿಗೆ ನಿಂತು ನೋಡಿದೆ. ಒಳಗೆ ಹೋಗಲಿಲ್ಲ, ಜಿಗಣೆ ಅಂದ್ರೆ ನಂಗೆ ಆಗಲ್ಲ. ಹತ್ತು ನಿಮಿಷ ನಿಂತೆ. ಎಲ್ಲೋ ಮೇಲೆ ಮಂಗಟ್ಟೆ ರೆಕ್ಕೆ ಬಡಿದ ಸದ್ದು, ಹಳೇ ಸ್ಟೀಮ್ ಇಂಜಿನ್ ಥರ. ಅದನ್ನ ರೆಕಾರ್ಡ್ ಮಾಡೋಕೆ ಮೊಬೈಲ್ ತೆಗೆಯೋದ್ರೊಳಗೆ ಹೋಗಿಬಿಡ್ತು.

ಹಾಗಂತ ಅಳೆಯೋದೇ ಬೇಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಕೇಳಿಸ್ಕೋಬೇಡಿ. ಅಳತೆ ಬೇಕೇ ಬೇಕು. ನಮ್ಮ ಘಟ್ಟದಲ್ಲಿ ಹೆಸರಿಗೂ ಪೇಪರ್ ಇಲ್ಲದ ಗಿಡಗಳು ಎಷ್ಟೋ ಇವೆ. ನೇರಳೆ ದ್ರಾವಣದ ಪರೀಕ್ಷೆ ಒಂದು ಒಳ್ಳೆ ಗೇಟ್‌ಕೀಪರ್, ನೂರು ಗಿಡದಲ್ಲಿ ಮುಂದೆ ನೋಡಬೇಕಾದ ಐದು ಯಾವುದು ಅಂತ ಅಗ್ಗದಲ್ಲಿ ಹೇಳುತ್ತೆ. ಅದು ಬಾಗಿಲು ತೆಗೆಯೋ ಮನುಷ್ಯ, ಅವನನ್ನೇ ಡಾಕ್ಟರ್ ಅಂದ್ಕೊಂಡಿದ್ದು ನಮ್ಮ ತಪ್ಪು. ನಿಮ್ಮಲ್ಲಿ ಯಾರಾದ್ರೂ ಎಂಎಸ್ಸಿ ಓದ್ತಾ ಇಂಥ ಪ್ರಾಜೆಕ್ಟ್ ಮಾಡ್ತಿದ್ರೆ ನನ್ನದೊಂದು ವಿನಂತಿ. ಗಿಡವನ್ನ ಗೊತ್ತಿರೋರ ಹತ್ತಿರ ಗುರುತು ಮಾಡಿಸಿ, ಒಂದು ಟೊಂಗೆ ಒಣಗಿಸಿ ಹರ್ಬೇರಿಯಂನಲ್ಲಿ ಇಡಿ. ಆಮೇಲೆ ಫಲಿತಾಂಶ ಏನು ಬಂತು ಅಂತ, ಗಿಡ ತೋರಿಸಿದ ಆ ಮನೆಯವರಿಗೆ ಕನ್ನಡದಲ್ಲಿ ಹೋಗಿ ಹೇಳಿ. ಚೆನ್ನಾಗಿ ಬಂದ್ರೂ ಹೇಳಿ, ಏನೂ ಬರದಿದ್ರೂ ಹೇಳಿ.

ಕಂಪನಿ ಏನಾಯ್ತು? ಕ್ಯಾಪ್ಸೂಲ್ ಇಲ್ಲ. ನಾನು ಹಿಂದೆ ಸರಿದೆ, ಗೆಳೆಯ ಎರಡು ತಿಂಗಳು ಮಾತಾಡಲಿಲ್ಲ. ಸ್ಟೇಟಸ್ ಮಾತ್ರ ನನ್ನ ಮೇಲೇ ಇರ್ತಿತ್ತು ಅಂತ ನನ್ನ ಅನುಮಾನ. ಈಗ ಮತ್ತೆ ಫೋನ್ ಮಾಡಿದ್ದಾನೆ, ರಾಂಪತ್ರೆಯನ್ನ ರಾಂಪತ್ರೆ ಅಂತಲೇ, ಮಸಾಲೆ ಅಂತಲೇ ಮಾರಿದ್ರೆ ಹೇಗೆ, ಕಾಡಿಂದಲ್ಲ, ತೋಟದ್ದು ಮಾತ್ರ ಅಂತ. ಕಸಿ ಕಟ್ಟಿದ ರಾಂಪತ್ರೆ ಸಸಿ ಈಗ ಸಿಗುತ್ತೆ. ಬೀಜದ ಸಸಿ ನೆಟ್ರೆ ಗಂಡೋ ಹೆಣ್ಣೋ ಅಂತ ಹೂ ಬಿಡೋವರೆಗೂ ವರ್ಷಗಟ್ಟಲೆ ಕಾಯಬೇಕು. ಹೆಣ್ಣು ಮರದ ಕುಡಿಯನ್ನೇ ಕಸಿ ಮಾಡಿದ್ರೆ ಆ ಜೂಜಿಲ್ಲ, ಕಾಯಿನೂ ಕೈಗೆಟುಕೋ ಎತ್ತರದಲ್ಲೇ. ಆದ್ರೆ ಕಾಯಿ ಬರೋಕೆ ವರ್ಷಗಳು ಬೇಕು. ಅಲ್ಲೀವರೆಗೆ ಕ್ಯಾಶ್ ಫ್ಲೋ ಎಲ್ಲಿಂದ ಅಂತ ನಾನು ಕೇಳಿದೆ, ಅವನು "ಪಾಡ್‌ಕಾಸ್ಟಿಂದ" ಅಂದ. ನನ್ನ ಪಾಡ್‌ಕಾಸ್ಟಿನ ಆದಾಯ ಅವನಿಗೆ ಗೊತ್ತಿಲ್ಲ ಅಂತ ಕಾಣುತ್ತೆ.

ಅಜ್ಜಿ ಮನೆ ತೋಟದ ಅಂಚಲ್ಲಿ ಎರಡು ಕಸಿ ಸಸಿ ನೆಟ್ಟಿದ್ದೀನಿ. ಒಂದನ್ನ ದನ ತಿಂತು. ಇನ್ನೊಂದು ಮೊಣಕಾಲೆತ್ತರ ಇದೆ, ಸುತ್ತ ಬೇಲಿ ಕಟ್ಟಿದ್ದಾರೆ ಅಪ್ಪ. ಹೌದು, ಮಾತ್ರೆ ತಗೊಂಡೇ ಕಟ್ಟಿದ್ದು.

ನಿಮ್ಮೂರಲ್ಲಿ ಇಂಥದ್ದೇ ಗಿಡ, ಇಂಥದ್ದೇ ಬಾಟಲಿ ಏನಾದ್ರೂ ಇದ್ರೆ ವಾಯ್ಸ್ ನೋಟ್ ಕಳಿಸಿ, ಒಂದು ನಿಮಿಷದೊಳಗೆ. ಕಳೆದ ಸಲ ಒಬ್ಬರು ಹದಿನಾಲ್ಕು ನಿಮಿಷದ್ದು ಕಳಿಸಿದ್ರು, ಕೇಳಿದೆ, ಚೆನ್ನಾಗಿತ್ತು, ಆದ್ರೂ. ಮುಂದಿನ ವಾರ ಬೇರೆ ವಿಷಯ, ಮೀನುಪೇಟೆಯ ಉಧಾರಿ ಪುಸ್ತಕ. ರೈಲು ಬಂತು, ಇಲ್ಲಿಗೆ ನಿಲ್ಲಿಸ್ತೀನಿ.